ಎರಡು ಪಾಠ ಸಿಕ್ಕಲ್ಲಿ ನಿಲ್ಲಿ: ಅಮೆರಿಕದ ಚರಿತ್ರೆ, ಸಾಹಿತ್ಯ ಓದುವವರಿಗೆ ಸಂಶೋಧನಾ ಪ್ರಶ್ನೆ ಹುಡುಕುವ ದಾರಿ

‘ದಿ ಗ್ರೇಟ್ ಗ್ಯಾಟ್ಸ್‌ಬಿಯಲ್ಲಿ ಅಮೆರಿಕನ್ ಡ್ರೀಮ್’. ಇಂಗ್ಲಿಷ್ ಎಂ.ಎ. ವಿಭಾಗಗಳಲ್ಲಿ ಕಿರುಪ್ರಬಂಧದ ಕಾಲ ಬಂದರೆ ಯಾರಾದರೊಬ್ಬರು ಈ ಶೀರ್ಷಿಕೆ ಕೊಟ್ಟೇ ಕೊಡುತ್ತಾರೆ. ಗೈಡ್ ಸಹಿ ಹಾಕುತ್ತಾರೆ, ವಿದ್ಯಾರ್ಥಿ ಕೈಗೆ ಸಿಕ್ಕ ವಿಮರ್ಶೆಗಳನ್ನೆಲ್ಲ ಜೋಡಿಸಿ ಪುಟ ತುಂಬಿಸುತ್ತಾರೆ. ಕೊನೆಗೆ ವೈವಾದಲ್ಲಿ ‘ಇದರಲ್ಲಿ ನೀವು ಕಂಡುಕೊಂಡದ್ದೇನು?’ ಎಂಬ ಸರಳ ಮಾತಿಗೆ ತಡವರಿಸುತ್ತಾರೆ. ತಡವರಿಸದೆ ಇನ್ನೇನು ಮಾಡಿಯಾರು? ಆ ಶೀರ್ಷಿಕೆಯಲ್ಲಿ ವಿಷಯ ಇದೆ, ಪ್ರಶ್ನೆ ಇಲ್ಲ. ಪ್ರಶ್ನೆ ಕೇಳದವರಿಗೆ ಉತ್ತರ ಸಿಗುವುದು ಹೇಗೆ?

ಅದೇ ಕಾದಂಬರಿಯನ್ನು ಬಿಡಬೇಕಾಗಿಲ್ಲ. ಅದರ ಪಕ್ಕದಲ್ಲಿ ಎರಡು ಇಸವಿ ಬರೆದುಕೊಳ್ಳಿ. ಫಿಟ್ಜ್‌ಜೆರಾಲ್ಡ್‌ನ ಕಾದಂಬರಿ ಬಂದದ್ದು 1925ರಲ್ಲಿ. ‘ಅಮೆರಿಕನ್ ಡ್ರೀಮ್’ ಎಂಬ ನುಡಿಗಟ್ಟನ್ನು ಜನರ ಬಾಯಿಗೆ ತಂದದ್ದು ಜೇಮ್ಸ್ ಟ್ರಸ್ಲೋ ಆಡಮ್ಸ್ ಬರೆದ ‘ದಿ ಎಪಿಕ್ ಆಫ್ ಅಮೆರಿಕ’. ಅದು ಬಂದದ್ದು 1931ರಲ್ಲಿ. ಕಾದಂಬರಿಯೊಳಗೆ ಆ ನುಡಿಗಟ್ಟು ಒಮ್ಮೆಯೂ ಬರುವುದಿಲ್ಲ. ಅಂದಮೇಲೆ, ಬೇರೆಯವರು ಆಮೇಲೆ ಚಲಾವಣೆಗೆ ತಂದ ಮಾತಿನಿಂದಲೇ ನಾವು ಗ್ಯಾಟ್ಸ್‌ಬಿಯನ್ನು ಓದಲು ಶುರುಮಾಡಿದ್ದು ಯಾವಾಗ? 1925ರ ಪತ್ರಿಕಾ ವಿಮರ್ಶಕರು ಆ ಕಾದಂಬರಿಯಲ್ಲಿ ಏನನ್ನು ಕಂಡಿದ್ದರು? ಅದು ಆಗ ಅಷ್ಟೇನೂ ಮಾರಾಟವಾಗಲಿಲ್ಲ. ನ್ಯೂಯಾರ್ಕಿನ ಒಂದು ಪತ್ರಿಕೆ ‘ಠುಸ್ ಪಟಾಕಿ’ ಎನ್ನುವ ಧಾಟಿಯ ತಲೆಬರಹವನ್ನೇ ಕೊಟ್ಟಿತ್ತು. ಲೇಖಕ 1940ರಲ್ಲಿ ತೀರಿಕೊಂಡ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಹಂಚಿದ ಜೇಬುಪುಸ್ತಕಗಳ ಸಾಲಿನಲ್ಲಿ ಈ ಕಾದಂಬರಿಯ ಸುಮಾರು ಒಂದೂವರೆ ಲಕ್ಷ ಪ್ರತಿ ಹೊರಟವು. ಈಗ ನಿಮ್ಮ ಪ್ರಶ್ನೆ ಹೀಗಾಗುತ್ತದೆ: 1925ರ ಪತ್ರಿಕಾ ವಿಮರ್ಶೆಗಳು ಮತ್ತು ಯುದ್ಧಾನಂತರದ ವಿಮರ್ಶೆಗಳು ಗ್ಯಾಟ್ಸ್‌ಬಿಯ ಹಣವನ್ನು, ಆಸೆಯನ್ನು ಯಾವ ಪದಗಳಲ್ಲಿ ಹೆಸರಿಸುತ್ತವೆ? ಇದಕ್ಕೆ ಉತ್ತರ ಇದೆ. ಅದು ತಪ್ಪಾಗಲೂಬಹುದು. ತಪ್ಪಾಗಬಲ್ಲ ಉತ್ತರ ಇದ್ದರೆ ಮಾತ್ರ ಅದನ್ನು ಸಂಶೋಧನೆಯ ಪ್ರಶ್ನೆ ಅನ್ನಬಹುದು.

ಇಂಥ ಪ್ರಶ್ನೆ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು ಒಂದೇ ಮಾತು. ಒಂದೇ ಸಂಗತಿಯನ್ನು ಎರಡು ಕಡೆ ಎರಡು ಥರ ಬರೆದಿಟ್ಟ ಜಾಗ ಹುಡುಕಿ, ಅಲ್ಲಿ ನಿಲ್ಲಿ. ಕನ್ನಡ ಎಂ.ಎ. ಮಾಡಿದವರಿಗೆ ಇದು ಹೊಸತಲ್ಲ. ಓಲೆಗರಿಯ ‘ಕ’ ಪ್ರತಿಯಲ್ಲಿ ಒಂದು ಪದ, ‘ಗ’ ಪ್ರತಿಯಲ್ಲಿ ಇನ್ನೊಂದು ಪದ ಇದ್ದರೆ ಗ್ರಂಥಸಂಪಾದಕ ಅಲ್ಲೇ ತಡೆದು ಯಾವುದು ಮೊದಲಿನದು, ಯಾರು ತಿದ್ದಿದರು, ಯಾಕೆ ತಿದ್ದಿದರು ಎಂದು ಕೇಳುತ್ತಾನೆ. ಪಾಠಾಂತರದ ಈ ಕುತೂಹಲವನ್ನು ಅಮೆರಿಕದ ಕಾಗದಪತ್ರಗಳ ಮೇಲೆ ತಿರುಗಿಸಿದರೆ ಸಾಕು. ಆ ದೇಶಕ್ಕೆ ವಯಸ್ಸು ಕಡಿಮೆ, ಕಾಗದ ಜಾಸ್ತಿ. ಅದರಲ್ಲಿ ಬಹಳಷ್ಟು ಈಗ ಕಾಸು ಕೊಡದೆ ಮೊಬೈಲಿನಲ್ಲೇ ಸಿಗುತ್ತದೆ.

ಚಿಕ್ಕದರಿಂದ ಶುರುಮಾಡಬೇಕೆನ್ನುವವರಿಗೆ ಲಿಂಕನ್‌ನ ಗೆಟಿಸ್‌ಬರ್ಗ್ ಭಾಷಣ ಇದೆ. 1863ರ ನವೆಂಬರ್ 19ರಂದು ಮಾಡಿದ್ದು, ಇದ್ದದ್ದೇ ಸುಮಾರು 270 ಪದ. ಲಿಂಕನ್‌ನ ಕೈಬರಹದಲ್ಲಿ ಐದು ಪ್ರತಿ ಉಳಿದಿವೆ. ಮೊದಲಿನವೆಂದು ಎಣಿಸುವ ಎರಡರಲ್ಲಿ ದೇವರ ಮಾತಿಲ್ಲ; ಆಮೇಲೆ ಬರೆದುಕೊಟ್ಟ ಮೂರರಲ್ಲಿ ಇದೆ; ಅಂದು ಅಲ್ಲಿದ್ದ ವರದಿಗಾರರು ಬರೆದುಕೊಂಡದ್ದರಲ್ಲೂ ಇದೆ. ಕಾಗದದಲ್ಲಿ ಇಲ್ಲದ್ದು ಬಾಯಲ್ಲಿ ಬಂತೇ? ಐದು ಪ್ರತಿ, ನಾಲ್ಕಾರು ಪತ್ರಿಕಾ ವರದಿ, ಒಂದು ಕೋಷ್ಟಕ. ಒಂದು ಸೆಮಿಸ್ಟರಿನಲ್ಲಿ ಪ್ರಾಮಾಣಿಕವಾಗಿ ಮುಗಿಸಬಹುದಾದ ಕೆಲಸ.

ಇನ್ನೊಂದು ಮೆಟ್ಟಿಲು ಮೇಲೆ ಫ್ರೆಡೆರಿಕ್ ಡಗ್ಲಸ್ ಇದ್ದಾನೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಈತ ತನ್ನ ಕತೆಯನ್ನು ಮೂರು ಸಲ ಬರೆದ: 1845, 1855, 1881. ಬಾಲ್ಟಿಮೋರ್‌ನಿಂದ ಓಡಿಹೋದದ್ದು 1838ರಲ್ಲಿ; ಓಡಿದ್ದು ಹೇಗೆ ಎಂಬುದನ್ನು ಮೊದಲೆರಡು ಪುಸ್ತಕಗಳಲ್ಲಿ ಬೇಕೆಂತಲೇ ಮುಚ್ಚಿಟ್ಟ. ಹೇಳಿದ್ದರೆ ಹಿಂದೆ ಬರುವವರ ದಾರಿ ಮುಚ್ಚಿಹೋಗುತ್ತಿತ್ತು. ಗುಲಾಮಗಿರಿ ರದ್ದಾಗಿ ಎಷ್ಟೋ ವರ್ಷ ಕಳೆದ ಮೇಲೆ, ಮೂರನೆಯದರಲ್ಲಿ, ನಾವಿಕನೊಬ್ಬನ ಗುರುತಿನ ಕಾಗದ ಹಿಡಿದು ರೈಲು ಹತ್ತಿದ ಕತೆ ಬಿಚ್ಚಿದ. ‘ಡಗ್ಲಸ್‌ನ ಆತ್ಮಕಥನದಲ್ಲಿ ಸ್ವಾತಂತ್ರ್ಯ’ ಎಂದು ಶೀರ್ಷಿಕೆ ಕೊಡುವ ಬದಲು ಒಂದೇ ಪ್ರಸಂಗವನ್ನು, ಉದಾಹರಣೆಗೆ ಕೋವಿ ಎಂಬ ಯಜಮಾನನೊಡನೆ ನಡೆದ ಹೊಡೆದಾಟವನ್ನು, ಮೂರೂ ಪುಸ್ತಕಗಳಲ್ಲಿ ಓದಿ. ಎಲ್ಲಿ ಹಿಗ್ಗಿದೆ, ಎಲ್ಲಿ ಕುಗ್ಗಿದೆ, ಯಾರನ್ನು ಉದ್ದೇಶಿಸಿ ಹೇಳುತ್ತಿದ್ದಾನೆ ಎಂದು ಗುರುತುಹಾಕುತ್ತಾ ಹೋದರೆ ಪ್ರಶ್ನೆ ತಾನಾಗಿ ಎದ್ದು ಬರುತ್ತದೆ.

ಕೇಳಿದವರು ಯಾರು?

ನನಗೆ ಎಲ್ಲಕ್ಕಿಂತ ಇಷ್ಟವಾದ ಗಣಿ ಬೇರೆಯೇ ಇದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಸರ್ಕಾರ ನಿರುದ್ಯೋಗಿ ಬರಹಗಾರರಿಗೂ ಕೆಲಸ ಕೊಟ್ಟಿತು. ಫೆಡರಲ್ ರೈಟರ್ಸ್ ಪ್ರಾಜೆಕ್ಟ್ ಎಂಬ ಆ ಯೋಜನೆಯವರು 1936ರಿಂದ 1938ರವರೆಗೆ, ಒಂದು ಕಾಲಕ್ಕೆ ಗುಲಾಮರಾಗಿದ್ದ ಮುದುಕ ಮುದುಕಿಯರ ಮನೆಬಾಗಿಲಿಗೆ ಹೋಗಿ 2,300ಕ್ಕೂ ಹೆಚ್ಚು ನೆನಪುಗಳನ್ನು ಬರೆದುಕೊಂಡರು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿ ಅಷ್ಟೂ ಇವೆ, ಟೈಪ್ ಮಾಡಿದ ಹಾಳೆಗಳ ಚಿತ್ರ ಸಹಿತ. ನಮ್ಮ ವಿದ್ಯಾರ್ಥಿಗಳು ಇವನ್ನು ಬಳಸುವಾಗ ಸಾಮಾನ್ಯವಾಗಿ ಒಂದು ಸಾಲು ಕಿತ್ತು ‘ಗುಲಾಮರ ದನಿ ಇದು’ ಎಂದು ಬರೆದು ಮುಂದೆ ಹೋಗುತ್ತಾರೆ. ಅಷ್ಟು ಅವಸರ ಬೇಡ.

ದಕ್ಷಿಣ ಕರೋಲಿನಾದ ಚಾರ್ಲ್ಸ್‌ಟನ್ನಿನಲ್ಲಿ ಸೂಸನ್ ಹ್ಯಾಮ್ಲಿನ್ ಎಂಬ ಮುದುಕಿಯನ್ನು ಇದೇ ಯೋಜನೆಯ ಇಬ್ಬರು ಬೇರೆ ಬೇರೆಯಾಗಿ ಮಾತಾಡಿಸಿದ್ದಾರೆ. ಒಬ್ಬರು ಜೆಸ್ಸಿ ಬಟ್ಲರ್, ಬಿಳಿಯ ಮಹಿಳೆ. ಇನ್ನೊಬ್ಬರು ಆಗಸ್ಟಸ್ ಲ್ಯಾಡ್ಸನ್, ಕರಿಯರು. ಬಟ್ಲರ್ ಬರೆದುಕೊಂಡ ಕತೆಯಲ್ಲಿ ಯಜಮಾನ ಒಳ್ಳೆಯವನು. ಲ್ಯಾಡ್ಸನ್ ಬರೆದುಕೊಂಡದ್ದರಲ್ಲಿ ಚಾಟಿಯೇಟು ಇದೆ, ಮಕ್ಕಳನ್ನು ಮಾರಿದಾಗ ತಾಯಂದಿರ ಗೋಳು ಇದೆ. ಹೆಸರು ಕೂಡ ಒಂದರಲ್ಲಿ ಹ್ಯಾಮ್ಲಿನ್, ಇನ್ನೊಂದರಲ್ಲಿ ಹ್ಯಾಮಿಲ್ಟನ್. ಬಟ್ಲರ್ ಬಂದಾಗ ಆ ಮುದುಕಿ ಅವರನ್ನು ಸರ್ಕಾರದ ಪರಿಹಾರ ಕಚೇರಿಯವರು ಎಂದುಕೊಂಡಿದ್ದಳು. ಹೊಟ್ಟೆಪಾಡಿಗೆ ಬಿಳಿಯರ ಕಚೇರಿಯನ್ನೇ ನಂಬಬೇಕಾದ ಕಾಲ. ಅವರ ಮುಂದೆ ಹಳೆಯ ಯಜಮಾನನನ್ನು ಬೈಯುವ ಧೈರ್ಯ ಯಾರಿಗಿರುತ್ತದೆ? ಯಾವುದು ನಿಜ, ಯಾವುದು ಸುಳ್ಳು ಎಂದು ತೀರ್ಪು ಕೊಡುವುದು ಸುಲಭ. ಕೇಳುವವರು ಬದಲಾದಾಗ ಹೇಳುವ ಮಾತಿನಲ್ಲಿ ಯಾವ ಯಾವ ಜಾಗಗಳು ಬದಲಾಗುತ್ತವೆ, ಯಾವುವು ಬದಲಾಗದೆ ಉಳಿಯುತ್ತವೆ ಎಂದು ನೋಡುವುದು ಸಂಶೋಧನೆ. ಒಂದೇ ರಾಜ್ಯದ ಸಂಪುಟ ತೆಗೆದುಕೊಂಡು, ಸಂದರ್ಶಕರು ಯಾರೆಂದು ಖಚಿತವಾಗಿ ಗೊತ್ತಿರುವ ಹತ್ತು ಹದಿನೈದು ಸಂದರ್ಶನಗಳನ್ನು ಈ ಕಣ್ಣಿನಿಂದ ಓದಿದರೆ ಒಂದು ಕಿರುಪ್ರಬಂಧಕ್ಕೆ ಧಾರಾಳ.

ಇಲ್ಲೇ ಸಾಹಿತ್ಯದ ಭಾಷೆಯ ಪ್ರಶ್ನೆಯೂ ಇದೆ. ಆ ಸಂದರ್ಶನಗಳನ್ನು ಬಹುತೇಕ ಆಡುಮಾತಿನ ಕಾಗುಣಿತದಲ್ಲಿ ಟೈಪ್ ಮಾಡಲಾಗಿದೆ. ಆ ಕಾಗುಣಿತ ಮುದುಕಿಯದಲ್ಲ, ಟೈಪ್ ಮಾಡಿದವರದು. ಯೋಜನೆಯಲ್ಲಿ ಕರಿಯರ ವಿಷಯಗಳ ಸಂಪಾದಕರಾಗಿದ್ದ ಕವಿ ಸ್ಟರ್ಲಿಂಗ್ ಬ್ರೌನ್ ಇದನ್ನು ಆಗಲೇ ಕಂಡಿದ್ದರು. ಉಚ್ಚಾರಣೆ ಹಿಡಿಯಲು ಹೋಗಿ ಪದಗಳನ್ನು ಚೂರುಚೂರು ಮಾಡಬೇಡಿ, ಮಾತಿನ ಧಾಟಿ, ನುಡಿಗಟ್ಟು ಹಿಡಿಯಿರಿ ಎಂಬರ್ಥದ ಸೂಚನೆ ಕಳಿಸಿದ್ದರು. ಎಲ್ಲರೂ ಪಾಲಿಸಲಿಲ್ಲ. ಇಂಗ್ಲಿಷಿನ ‘ವಾಸ್’, ‘ಸೆಸ್’ನಂಥ ಪದಗಳನ್ನು ಎಲ್ಲರೂ ಉಚ್ಚರಿಸುವ ಹಾಗೆಯೇ, ಆದರೆ ಸೊಟ್ಟ ಕಾಗುಣಿತದಲ್ಲಿ ಬರೆದು ಮಾತಾಡಿದವರನ್ನು ಅನಕ್ಷರಸ್ಥರಂತೆ ಕಾಣಿಸುವ ತಂತ್ರಕ್ಕೆ ‘ಐ ಡಯಲೆಕ್ಟ್’ ಎಂದು ಹೆಸರು. 1925ರಲ್ಲಿ ಜಾರ್ಜ್ ಕ್ರ್ಯಾಪ್ ಎಂಬ ಭಾಷಾವಿದ್ವಾಂಸ ಕೊಟ್ಟದ್ದು. ಕಿವಿಗೆ ಯಾವ ವ್ಯತ್ಯಾಸವೂ ಇಲ್ಲ, ಕಣ್ಣಿಗೆ ಮಾತ್ರ ಇದೆ. ಒಂದು ಪಠ್ಯದಲ್ಲಿ ನಿಜವಾದ ಉಚ್ಚಾರಣೆ ತೋರಿಸುವ ಕಾಗುಣಿತ ಎಷ್ಟು, ಬರೀ ಕಣ್ಣಿಗೆ ಕಟ್ಟಿದ ಕಾಗುಣಿತ ಎಷ್ಟು, ಅದು ಯಾವ ಪಾತ್ರದ ಬಾಯಿಗೆ ಬೀಳುತ್ತದೆ ಎಂದು ಎಣಿಸಿ ನೋಡಿ. ಮಾರ್ಕ್ ಟ್ವೇನ್‌ನ ‘ಹಕಲ್‌ಬೆರಿ ಫಿನ್’ಗೂ ಇದು ಅನ್ವಯಿಸುತ್ತದೆ. ಟ್ವೇನ್ ಕಾದಂಬರಿಯ ಆರಂಭದಲ್ಲೇ ಟಿಪ್ಪಣಿ ಕೊಟ್ಟು, ಹಲವು ಉಪಭಾಷೆಗಳನ್ನು ಕಷ್ಟಪಟ್ಟು ಬಳಸಿದ್ದೇನೆ ಎಂದು ಹೇಳಿಕೊಂಡ. ಹೇಳಿಕೊಂಡಷ್ಟು ಮಾಡಿದ್ದಾನೆಯೇ? ಡೇವಿಡ್ ಕಾರ್ಕೀಟ್ ಎಂಬವರು 1979ರಲ್ಲಿ ಇದನ್ನು ಕೂತು ಪರೀಕ್ಷಿಸಿದ್ದಾರೆ, ಅದನ್ನು ಓದಿಕೊಂಡೇ ಮುಂದುವರಿಯಬೇಕು. 2024ರಲ್ಲಿ ಪರ್ಸಿವಲ್ ಎವರೆಟ್ ಅದೇ ಕತೆಯನ್ನು ಜಿಮ್‌ನ ಬಾಯಿಂದ ಹೇಳಿಸಿ ‘ಜೇಮ್ಸ್’ ಬರೆದರು. ಅಲ್ಲಿ ಜಿಮ್‌ಗೆ ಎರಡು ಭಾಷೆ: ಬಿಳಿಯರ ಮುಂದೆ ಒಂದು, ತನ್ನವರ ನಡುವೆ ಇನ್ನೊಂದು. ಎರಡೂ ಕಾದಂಬರಿಗಳಲ್ಲಿರುವ ಒಂದೇ ಘಟನೆಯ ಸಂಭಾಷಣೆಯನ್ನು ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಬರೆಯಲು ಕೈ ತುರಿಸುತ್ತದೆ.

ಜೋರಾ ನೀಲ್ ಹರ್ಸ್‌ಟನ್‌ಳನ್ನು ಓದುವವರು ‘ದೇರ್ ಐಸ್ ವರ್ ವಾಚಿಂಗ್ ಗಾಡ್’ ಒಂದಕ್ಕೇ ನಿಲ್ಲಬಾರದು. ಆಕೆ ಮಾನವಶಾಸ್ತ್ರದ ವಿದ್ಯಾರ್ಥಿನಿ, ಫ್ರಾಂಜ್ ಬೋಯಸ್‌ನ ಶಿಷ್ಯೆ. ಆಫ್ರಿಕಾದಿಂದ ಗುಲಾಮರ ಹಡಗಿನಲ್ಲಿ ಬಂದವರಲ್ಲಿ ಉಳಿದಿದ್ದ ಕುಡ್ಜೋ ಲೂಯಿಸ್ ಎಂಬ ಮುದುಕನನ್ನು ಮಾತಾಡಿಸಿ ಬರೆದ ‘ಬ್ಯಾರಕೂನ್’ 1931ರಲ್ಲೇ ಸಿದ್ಧವಾಗಿತ್ತು. ಆಡುಭಾಷೆ ಬೇಡ, ಶಿಷ್ಟ ಭಾಷೆಗೆ ತಿರುಗಿಸಿಕೊಡಿ ಎಂದರು ಪ್ರಕಾಶಕರು, ಆಕೆ ಒಪ್ಪಲಿಲ್ಲ, ಪುಸ್ತಕ ಹೊರಬಂದದ್ದು 2018ರಲ್ಲಿ. ಕಾದಂಬರಿಯಲ್ಲಿ ಅವಳು ಕಟ್ಟಿದ ಆಡುಮಾತಿಗೂ ಇಲ್ಲಿ ಕೇಳಿ ಬರೆದುಕೊಂಡ ಆಡುಮಾತಿಗೂ ಕಾಗುಣಿತದಲ್ಲಿ, ವಾಕ್ಯದ ಉದ್ದದಲ್ಲಿ ಏನು ವ್ಯತ್ಯಾಸ ಎಂಬುದು ನಾನು ಯಾರಿಗಾದರೂ ಸಂತೋಷವಾಗಿ ಕೊಡುವ ಪ್ರಶ್ನೆ.

ಒಂದು ಕ್ರಿಯಾಪದದ ಬೆನ್ನುಹತ್ತಿ

ಚರಿತ್ರೆ ಮತ್ತು ವ್ಯಾಕರಣ ಒಂದೇ ಜಾಗದಲ್ಲಿ ಸಿಗುವುದು ಅಪರೂಪ. ಅಂಥ ಒಂದು ಜಾಗ ಇದು. ಅಂತರ್ಯುದ್ಧಕ್ಕೆ ಮುಂಚೆ ಅಮೆರಿಕನ್ನರು ‘ಯುನೈಟೆಡ್ ಸ್ಟೇಟ್ಸ್’ಗೆ ಬಹುವಚನದ ‘ಆರ್’ ಹಚ್ಚುತ್ತಿದ್ದರು, ಯುದ್ಧ ಮುಗಿದ ಮೇಲೆ ಏಕವಚನದ ‘ಈಸ್’ ಬಂತು, ರಾಜ್ಯಗಳ ಒಕ್ಕೂಟ ಒಂದು ರಾಷ್ಟ್ರವಾಯಿತು ಎಂಬ ಕತೆಯನ್ನು ಎಷ್ಟೋ ಪುಸ್ತಕಗಳಲ್ಲಿ ಓದುತ್ತೇವೆ. ಕತೆ ಸೊಗಸಾಗಿದೆ. ಅಷ್ಟು ಸೊಗಸಾಗಿರುವುದೇ ಅನುಮಾನಕ್ಕೆ ಕಾರಣವಾಗಬೇಕು. ಗುಲಾಮಗಿರಿಯನ್ನು ರದ್ದುಮಾಡಿದ 1865ರ ಹದಿಮೂರನೇ ತಿದ್ದುಪಡಿ, ಅಂದರೆ ಯುದ್ಧ ಗೆದ್ದ ಕೈಯೇ ಬರೆದ ಕಾನೂನು, ಯುನೈಟೆಡ್ ಸ್ಟೇಟ್ಸ್‌ಗೆ ಬಹುವಚನದ ಸರ್ವನಾಮವನ್ನೇ ಬಳಸುತ್ತದೆ. ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲೂ ಬಹುವಚನ ಬಹಳ ಕಾಲ ಉಳಿದಿತ್ತೆಂದು ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಹಾಗಾದರೆ ಪತ್ರಿಕೆಗಳಲ್ಲಿ? ಶಾಲಾಪುಸ್ತಕಗಳಲ್ಲಿ? ಉತ್ತರದ ಪತ್ರಿಕೆ, ದಕ್ಷಿಣದ ಪತ್ರಿಕೆ ಎರಡರಲ್ಲೂ ಒಂದೇ ವೇಗದಲ್ಲಿ ಬದಲಾಯಿತೇ?

ಇದಕ್ಕೆ ಬೇಕಾದ ಸಲಕರಣೆ ಕೈಯಳತೆಯಲ್ಲಿದೆ. ‘ಕಾರ್ಪಸ್ ಆಫ್ ಹಿಸ್ಟಾರಿಕಲ್ ಅಮೆರಿಕನ್ ಇಂಗ್ಲಿಷ್’ ಎಂಬ ಸಂಗ್ರಹದಲ್ಲಿ 1820ರ ದಶಕದಿಂದ ಇತ್ತೀಚಿನವರೆಗಿನ 40 ಕೋಟಿಗೂ ಹೆಚ್ಚು ಪದಗಳ ಪಠ್ಯವಿದೆ. ಹೆಸರು ನೋಂದಾಯಿಸಿದರೆ ಹುಡುಕಲು ಬಿಡುತ್ತಾರೆ. ಆದರೆ ಯಂತ್ರ ಕೊಟ್ಟ ಎಣಿಕೆಯನ್ನು ಹಾಗೇ ಬರೆದುಕೊಳ್ಳಬೇಡಿ. ‘ಯುನೈಟೆಡ್ ಸ್ಟೇಟ್ಸಿನ ಜನರು’ ಎಂಬರ್ಥದ ವಾಕ್ಯದಲ್ಲಿ ಬಹುವಚನದ ಕ್ರಿಯಾಪದ ಸೇರುವುದು ಜನರಿಗೆ, ದೇಶಕ್ಕಲ್ಲ. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಒಂದೊಂದೇ ಸಾಲನ್ನು ಕಣ್ಣಿಂದ ಓದಿ ಹೆಕ್ಕಬೇಕು. ಬೇಸರದ ಕೆಲಸ, ಆದರೆ ಪ್ರಬಂಧದ ಬೆಲೆ ಇರುವುದೇ ಅಲ್ಲಿ. ಗೂಗಲ್‌ನ ಎನ್‌ಗ್ರಾಮ್ ನಕ್ಷೆ ನೋಡಲು ಚಂದ. 1800ಕ್ಕಿಂತ ಹಿಂದಿನ ಪುಸ್ತಕಗಳಲ್ಲಿ ಉದ್ದನೆಯ ‘ಎಸ್’ ಅಕ್ಷರವನ್ನು ಅದು ‘ಎಫ್’ ಎಂದು ಓದಿಬಿಡುವುದುಂಟು ಎನ್ನುವುದು ನೆನಪಿರಲಿ.

ಸಂಸ್ಕೃತಿಯ ಕಡೆ ಒಲವಿದ್ದವರಿಗೆ ಅಮೆರಿಕದ ಸೇಲಂ ಇದೆ. 1692ರಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ 19 ಜನರನ್ನು ನೇಣಿಗೇರಿಸಿದ ಊರು. ಆರ್ಥರ್ ಮಿಲ್ಲರ್ 1953ರಲ್ಲಿ ಇದನ್ನು ‘ದ ಕ್ರೂಸಿಬಲ್’ ನಾಟಕ ಮಾಡಿದ, ಕಮ್ಯುನಿಸ್ಟರನ್ನು ಬೇಟೆಯಾಡುತ್ತಿದ್ದ ಕಾಲದಲ್ಲಿ. ಆರೋಪ ಹೊರಿಸಿದವರಲ್ಲಿ ಒಬ್ಬಳಾದ, ಹನ್ನೊಂದು ಹನ್ನೆರಡರ ಹುಡುಗಿ ಅಬಿಗೇಲಳನ್ನು ಅವನು ಹದಿನೇಳಕ್ಕೆ ಏರಿಸಿದ. ಅದನ್ನು ಕಂಡುಹಿಡಿದೆವೆಂದು ಸಂಭ್ರಮಿಸುವವರು ನಾಟಕದ ಮುನ್ನುಡಿ ಟಿಪ್ಪಣಿ ಓದಿಲ್ಲ ಎಂದೇ ಅರ್ಥ. ವಯಸ್ಸು ಏರಿಸಿದ್ದನ್ನು ಮಿಲ್ಲರ್ ಅಲ್ಲೇ ಹೇಳಿದ್ದಾನೆ. ಬದಲಾವಣೆಗಳ ಪಟ್ಟಿ ಪ್ರಬಂಧವಾಗುವುದಿಲ್ಲ. ಅದೇ ವಿಚಾರಣೆಯಲ್ಲಿ ಆರೋಪ ಹೊತ್ತ ಗುಲಾಮ ಹೆಂಗಸು ಟಿಟುಬಾಳ ಕತೆ ಹೆಚ್ಚು ಆಳದ್ದು. 1692ರ ವಿಚಾರಣೆಯ ದಾಖಲೆಗಳು ಅವಳನ್ನು ಇಂಡಿಯನ್ ಹೆಂಗಸು ಎನ್ನುತ್ತವೆ, ಅಂದರೆ ಅಮೆರಿಕದ ಮೂಲನಿವಾಸಿ ಎಂಬರ್ಥದಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಲಾಂಗ್‌ಫೆಲೋನ ನಾಟಕದ ಹೊತ್ತಿಗೆ ಅವಳಿಗೆ ಅರ್ಧ ಆಫ್ರಿಕನ್ ರಕ್ತ ಬಂದಿತ್ತು. ಮಿಲ್ಲರ್‌ನಲ್ಲಿ ಅವಳು ಪೂರ್ತಿ ಕರಿಯ ಗುಲಾಮಳು. 1986ರಲ್ಲಿ ಮರೀಸ್ ಕೊಂಡೆ ಫ್ರೆಂಚಿನಲ್ಲಿ ಅವಳ ಬಾಯಿಂದಲೇ ಇಡೀ ಕಾದಂಬರಿ ಹೇಳಿಸಿದರು. ಒಬ್ಬ ಹೆಂಗಸಿನ ಜನಾಂಗ ಮುನ್ನೂರು ವರ್ಷದಲ್ಲಿ ಯಾರ ಯಾರ ಅಗತ್ಯಕ್ಕೆ ತಕ್ಕಂತೆ ಬದಲಾಯಿತು? ಚಾಡ್ವಿಕ್ ಹ್ಯಾನ್ಸೆನ್ 1974ರಲ್ಲೇ ಈ ಎಳೆ ಹಿಡಿದಿದ್ದಾರೆ. ಅವರ ನಂತರ ಏನಾಯಿತು ಎಂಬಲ್ಲಿಂದ ನೀವು ಹಿಡಿಯಬಹುದು. ದಾಖಲೆಗಳು ವರ್ಜೀನಿಯಾ ವಿಶ್ವವಿದ್ಯಾಲಯದ ಜಾಲತಾಣದಲ್ಲಿವೆ.

ಕಾವ್ಯದವರಿಗೆ ಎಮಿಲಿ ಡಿಕಿನ್ಸನ್ ಸಾಕು. ಸುಮಾರು 1,800 ಕವಿತೆ, ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು. 1890ರ ಸಂಪಾದಕರು ಅವಳ ಅಡ್ಡಗೆರೆಗಳನ್ನು ಅಳಿಸಿ ಅಲ್ಪವಿರಾಮ ಹಾಕಿದರು. 1955ರಲ್ಲಿ ಥಾಮಸ್ ಜಾನ್ಸನ್ ಗೆರೆಗಳನ್ನು ವಾಪಸು ತಂದ. ಹಸ್ತಪ್ರತಿಯ ಚಿತ್ರಗಳು ಎಮಿಲಿ ಡಿಕಿನ್ಸನ್ ಆರ್ಕೈವ್‌ನಲ್ಲಿ ಎಲ್ಲರಿಗೂ ತೆರೆದಿವೆ. ಐದೇ ಕವಿತೆ ಆರಿಸಿಕೊಂಡು ಮೂರೂ ರೂಪಗಳನ್ನು ಪಕ್ಕಪಕ್ಕ ಇಟ್ಟು ಓದಿ.

ಹುಡುಕುವ ಮನೆಗಳು

ಒಂದು ಕಾಲದಲ್ಲಿ ದಕ್ಷಿಣ ಭಾರತದಲ್ಲಿ ಅಮೆರಿಕನ್ ಸಾಹಿತ್ಯ ಓದುವವರಿಗೆ ಹೈದರಾಬಾದೇ ಕಾಶಿ. ಉಸ್ಮಾನಿಯಾ ಆವರಣದಲ್ಲಿ 1964ರಲ್ಲಿ ಶುರುವಾದ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್‌ನ ಗ್ರಂಥಾಲಯಕ್ಕಾಗಿ ರೈಲು ಹತ್ತುತ್ತಿದ್ದರು. ಈಗ ಮೂಲ ಆಕರಗಳಿಗೆ ಊರು ಬಿಡಬೇಕಾಗಿಲ್ಲ. 1963ರವರೆಗಿನ ಅಮೆರಿಕದ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್ಸಿನ ‘ಕ್ರಾನಿಕ್ಲಿಂಗ್ ಅಮೆರಿಕ’, ಗುಲಾಮರ ಆತ್ಮಕಥನಗಳಿಗೆ ಉತ್ತರ ಕರೋಲಿನಾ ವಿಶ್ವವಿದ್ಯಾಲಯದ ‘ಡಾಕ್ಯುಮೆಂಟಿಂಗ್ ದಿ ಅಮೆರಿಕನ್ ಸೌತ್’, ವಿಟ್‌ಮನ್‌ನ ಎಲ್ಲ ಆವೃತ್ತಿಗಳಿಗೆ ‘ವಾಲ್ಟ್ ವಿಟ್‌ಮನ್ ಆರ್ಕೈವ್’. ವಿಮರ್ಶಾ ಲೇಖನಗಳದ್ದೇ ತೊಡಕು, ಅವುಗಳಿಗೆ ದುಡ್ಡು ಕೇಳುತ್ತಾರೆ. 2025ರಿಂದ ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಾವಿರಾರು ನಿಯತಕಾಲಿಕೆಗಳು ತೆರೆದಿವೆ. ನಿಮ್ಮ ಕಾಲೇಜಿಗೆ ಲಾಗಿನ್ ಇದೆಯೇ ಎಂದು ಗ್ರಂಥಪಾಲಕರನ್ನೇ ಕೇಳಿ, ಹೆಚ್ಚಿನ ಕಡೆ ಕೇಳುವವರೇ ಇರುವುದಿಲ್ಲ. ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದರೆ ತಿಂಗಳಿಗೆ ಒಂದಷ್ಟು ಲೇಖನ ಉಚಿತವಾಗಿ ಓದಬಹುದು. ನಿಮ್ಮ ಶೀರ್ಷಿಕೆಯಲ್ಲಿ ಈಗಾಗಲೇ ಯಾರು ಏನು ಮಾಡಿದ್ದಾರೆ ಎಂದು ತಿಳಿಯಲು ನಮ್ಮ ದೇಶದ ಪಿಎಚ್.ಡಿ. ಪ್ರಬಂಧಗಳ ಜಾಲಸಂಗ್ರಹ ಶೋಧಗಂಗಾ ಇದ್ದೇ ಇದೆ. ‘ಅಮೆರಿಕನ್ ಡ್ರೀಮ್’ ಎಂದು ಅಲ್ಲಿ ಒಮ್ಮೆ ಹುಡುಕಿ ನೋಡಿದರೆ ನಾನು ಮೇಲೆ ಗೊಣಗಿದ್ದು ಯಾಕೆಂದು ತಿಳಿಯುತ್ತದೆ.

ಚಾಟ್‌ಬಾಟ್‌ಗೆ ‘ಹತ್ತು ಸಂಶೋಧನಾ ಪ್ರಶ್ನೆ ಕೊಡು’ ಎಂದರೆ ಕೊಡುತ್ತದೆ. ಹತ್ತೂ ನಯವಾಗಿರುತ್ತವೆ, ಪಕ್ಕದ ಕಾಲೇಜಿನವರಿಗೆ ಕೊಟ್ಟಂಥವೇ ಆಗಿರುತ್ತವೆ. ಅದು ಹೆಸರಿಸುವ ಲೇಖನಗಳಲ್ಲಿ ಕೆಲವು ಭೂಮಿಯ ಮೇಲೆ ಇರುವುದೇ ಇಲ್ಲ. ಪುಟ ತೆರೆದು ಕಣ್ಣಾರೆ ಕಾಣದ ಆಕರವನ್ನು ಬರೆಯಲೇಬೇಡಿ.

ಹೋಲಿಕೆಯ ಆಸೆ ನಮ್ಮಲ್ಲಿ ಬಹಳ. ಹರ್ಸ್‌ಟನ್ ಮತ್ತು ದೇವನೂರ ಮಹಾದೇವ ಎಂದು ಬರೆದುಬಿಡುವುದು ಸುಲಭ, ಇಬ್ಬರೂ ಆಡುಮಾತಿನವರಲ್ಲವೇ ಎಂದು. ‘ಕುಸುಮಬಾಲೆ’ಯ ನಂಜನಗೂಡಿನ ಸೀಮೆಯ ಮಾತನ್ನು ಫ್ಲಾರಿಡಾದ ಮಾತಿನ ಪಕ್ಕ ಇಟ್ಟಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಹರ್ಸ್‌ಟನ್‌ಳಲ್ಲಿ ನಿರೂಪಕಿಯ ಮಾತು ಬಹುಮಟ್ಟಿಗೆ ಶಿಷ್ಟ, ಪಾತ್ರಗಳ ಮಾತು ಆಡುಭಾಷೆ. ದೇವನೂರರಲ್ಲಿ ನಿರೂಪಣೆಯೇ ಆಡುಮಾತಿಗೆ ಇಳಿದಿದೆ. ಈ ಒಂದು ವ್ಯತ್ಯಾಸದ ಸುತ್ತ ಕಟ್ಟಿದರೆ ಹೋಲಿಕೆಗೆ ನೆಲ ಸಿಗುತ್ತದೆ. ಎರಡು ದೇಶಗಳ ನಡುವೆ ನಿಜವಾದ ಕೊಂಡಿ ಇರುವ ಜಾಗಗಳೂ ಇವೆ: ಕೊಲಂಬಿಯಾದಲ್ಲಿ ಓದಿದ ಅಂಬೇಡ್ಕರ್ 1940ರ ದಶಕದಲ್ಲಿ ಅಮೆರಿಕದ ಕರಿಯ ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್‌ಗೆ ಕಾಗದ ಬರೆದು, ಕರಿಯರು ವಿಶ್ವಸಂಸ್ಥೆಗೆ ಕೊಡಲಿದ್ದ ಮನವಿಯ ಪ್ರತಿ ಕೇಳಿದ್ದರು. ಆ ಕಾಗದ, ಡು ಬಾಯ್ಸ್‌ರ ಉತ್ತರ ಎರಡೂ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡು ಬಾಯ್ಸ್ ಸಂಗ್ರಹದಲ್ಲಿವೆ, ಜಾಲದಲ್ಲೇ ಓದಬಹುದು.

ಕಿರುಪ್ರಬಂಧಕ್ಕೆ ಹೊಂದದ ಪ್ರಶ್ನೆಗಳೂ ಇರುತ್ತವೆ. 1856ರಲ್ಲಿ ಮಗುವನ್ನು ಮತ್ತೆ ಗುಲಾಮಗಿರಿಗೆ ಒಪ್ಪಿಸಲೊಲ್ಲದೆ ಕೊಂದ ಮಾರ್ಗರೆಟ್ ಗಾರ್ನರ್‌ಳ ಸುದ್ದಿಯಿಂದ ಟೋನಿ ಮಾರಿಸನ್ ‘ಬಿಲವೆಡ್’ ಕಟ್ಟಿದ್ದು ಹೇಗೆ ಎಂದು ಕರಡುಗಳನ್ನು ಹಿಡಿದು ನೋಡಬೇಕೆಂದರೆ ಪ್ರಿನ್ಸ್‌ಟನ್‌ಗೆ ಹೋಗಬೇಕು, ಅವರ ಕಾಗದಪತ್ರ ಅಲ್ಲಿವೆ. ಅದನ್ನು ಪಿಎಚ್.ಡಿ.ಗೆ, ಫೆಲೋಶಿಪ್ ಅರ್ಜಿಗೆ ಎತ್ತಿಡಿ. ಸದ್ಯಕ್ಕೆ 1856ರ ಪತ್ರಿಕೆಗಳು ಗಾರ್ನರ್‌ಳನ್ನು ಏನೆಂದು ಕರೆದವು ಎಂಬುದರಿಂದ ಶುರುಮಾಡಬಹುದು. ಸಿನ್ಸಿನಾಟಿಯ ಪತ್ರಿಕೆ ತೆರೆಯಿರಿ, ತಾರೀಕು ಮತ್ತು ಪುಟಸಂಖ್ಯೆ ಮೊದಲು ಬರೆದುಕೊಳ್ಳಿ.